ಪಾದದ ಜೋಮಿಗೆ ಕಾರಣ ಹುಡುಕುತ್ತಾ ಹೋದ ನಾಲ್ಕು ಕಡೆ: ಎಲ್ಲಿ ದುಡ್ಡು ಹೋಯಿತು, ಎಲ್ಲಿ ಉತ್ತರ ಸಿಕ್ಕಿತು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಯಸ್ಸು 52. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತೇನೆ. ಮನೆಯಲ್ಲಿ ಸಸ್ಯಾಹಾರ. ಇಷ್ಟನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಇದೇ ಮೂರು ಮಾತನ್ನು ಐದು ತಿಂಗಳ ಕಾಲ ಯಾರೂ ನನ್ನನ್ನು ಒಟ್ಟಿಗೆ ಕೇಳಲಿಲ್ಲ.

ಹೋದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ವಾರ ಎರಡೂ ಕಾಲಿನ ಬೆರಳ ತುದಿಯಲ್ಲಿ ಜುಮುಜುಮು ಅನ್ನತೊಡಗಿತು. ಕಾಲು ಮಡಿಸಿ ಕೂತು ಎದ್ದಾಗ ಜೋಮು ಹಿಡಿಯುತ್ತದಲ್ಲ, ಹಾಗೆ. ಆದರೆ ಅದು ಎರಡು ನಿಮಿಷಕ್ಕೆ ಬಿಡುತ್ತದೆ, ಇದು ಬಿಡಲಿಲ್ಲ. ಆಗಸ್ಟ್ ಹೊತ್ತಿಗೆ ಇಡೀ ಪಾದಕ್ಕೆ ಬಂತು. ರಾತ್ರಿ ಇರುವೆ ಹರಿದಾಡಿದ ಹಾಗೆ ಅನ್ನಿಸಿ ದೀಪ ಹಾಕಿ ಹಾಸಿಗೆ ಕೊಡವಿದ್ದೂ ಉಂಟು. ಒಂದು ದಿನ ಸ್ಟಾಫ್ ರೂಮಿನಿಂದ ಕ್ಲಾಸಿಗೆ ಹೋಗುವಾಗ ಎಡಗಾಲಿನ ಚಪ್ಪಲಿ ಕಾರಿಡಾರಿನಲ್ಲೇ ಉಳಿದಿತ್ತು. ಹುಡುಗಿಯೊಬ್ಬಳು "ಮಿಸ್, ಚಪ್ಪಲಿ" ಅಂತ ತಂದುಕೊಟ್ಟಳು. ಕಾಲಿನಿಂದ ಕಳಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಅವತ್ತು ನಿಜವಾಗಿ ಹೆದರಿದೆ.

ಹೋದ ಕಡೆಗಳ ಹೆಸರು ಬರೆಯುವುದಿಲ್ಲ. ಕೊನೆಗೆ ಉತ್ತರ ಸಿಕ್ಕ ಆಸ್ಪತ್ರೆಯ ಹೆಸರನ್ನೂ ಬರೆಯುತ್ತಿಲ್ಲ, ಯಾಕಂದರೆ ಡಾಕ್ಟರು ಬದಲಾಗುತ್ತಾರೆ. ಪರೀಕ್ಷೆ ಹೇಗೆ ಮಾಡಿದರು ಅನ್ನುವುದನ್ನು ಓದಿಕೊಂಡರೆ ನಿಮ್ಮೂರಿನಲ್ಲೂ ಅಂಥವರನ್ನು ಹುಡುಕಬಹುದು.

ಮೊದಲು ಮಾಡಿಸಿದ್ದು ಫುಲ್ ಬಾಡಿ ಚೆಕಪ್ ಪ್ಯಾಕೇಜ್. ಹುಡುಗ ಬೆಳಗ್ಗೆ ಆರೂವರೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ, ಸಂಜೆಗೆ ಮೊಬೈಲಿಗೆ ರಿಪೋರ್ಟ್ ಬಂತು. 1,800 ರೂಪಾಯಿ. ಸೇವೆ ಅಚ್ಚುಕಟ್ಟು, ಅದರಲ್ಲಿ ಮಾತೇ ಇಲ್ಲ. ಸೂಜಿ ಹಾಕಿದ್ದೂ ಗೊತ್ತಾಗಲಿಲ್ಲ. ರಿಪೋರ್ಟ್ ಹದಿನಾರು ಪುಟ. ಅದರ ಜೊತೆ ಉಚಿತವಾಗಿ ಡಾಕ್ಟರ ಫೋನ್ ಸಲಹೆ ಕೂಡ ಇತ್ತು. ಫೋನ್ ಮಾಡಿದವರು "ಎಲ್ಲಾ ನಾರ್ಮಲ್ ಇದೆ ಮೇಡಂ, ಶುಗರ್ ಸ್ವಲ್ಪ ನೋಡಿಕೊಳ್ಳಿ, ವಾಕಿಂಗ್ ಮಾಡಿ" ಅಂದರು. ಪಾದ ಜುಮ್ ಅನ್ನುತ್ತದೆ ಅಂದೆ. "ಶುಗರ್ ಇದ್ದವರಿಗೆ ಇರುತ್ತೆ" ಅಂದು ಇಟ್ಟರು.

ಆ ರಿಪೋರ್ಟಿನ ಹನ್ನೊಂದನೇ ಪುಟದಲ್ಲಿ ವಿಟಮಿನ್ ಬಿ12 ಅಂತ ಒಂದು ಸಾಲು. 224. ಪಕ್ಕದಲ್ಲಿ ಲ್ಯಾಬಿನ ಮಿತಿ 211ರಿಂದ 911. ಮಿತಿ ಮೀರಿದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ, ಇದು ಸಣ್ಣ ಅಕ್ಷರದಲ್ಲೇ ಇತ್ತು. ಹಾಗಾಗಿ ನಾನೂ ನೋಡಲಿಲ್ಲ, ಫೋನ್ ಮಾಡಿದವರೂ ನೋಡಲಿಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡನೆಯದು ಮೂಳೆ ಡಾಕ್ಟರ ಕ್ಲಿನಿಕ್. ಕಾಲು ಅಂದರೆ ಮೂಳೆ ಅಂತಲೇ ನಮ್ಮ ಕಡೆ ಲೆಕ್ಕ. ನಾಲ್ಕು ನಿಮಿಷ ಮಾತಾಡಿದರು, ಸೊಂಟದ ಎಂಆರ್‌ಐ ಬರೆದುಕೊಟ್ಟರು. ಅದಕ್ಕೆ ಏಳೂವರೆ ಸಾವಿರ. ಡಿಸ್ಕ್ ಒಂದು ಕಡೆ ಸ್ವಲ್ಪ ಉಬ್ಬಿದೆ ಅಂತ ಬಂತು. ಹತ್ತು ದಿನ ಸೊಂಟ ಎಳೆಸಿಕೊಳ್ಳಿ (ಟ್ರಾಕ್ಷನ್), ಬೆಲ್ಟ್ ಹಾಕಿಕೊಳ್ಳಿ ಅಂದರು. ಎಳೆಸಿಕೊಂಡೆ, ಬೆಲ್ಟನ್ನೂ ಹಾಕಿಕೊಂಡೆ. ಪಾದದಲ್ಲಿ ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಐವತ್ತು ದಾಟಿದವರ ಸೊಂಟ ಸ್ಕ್ಯಾನ್ ಮಾಡಿದರೆ, ನೋವೇ ಇಲ್ಲದವರಲ್ಲೂ ಇಂಥ ಉಬ್ಬು ಬಹಳ ಮಂದಿಗೆ ಕಾಣುತ್ತದಂತೆ, ಆಮೇಲೆ ಗೊತ್ತಾಯಿತು. ನನಗೆ ಸೊಂಟನೋವು ಇರಲೇ ಇಲ್ಲ. ನನ್ನ ಬೇಸರ ಆ ಎಂಆರ್‌ಐ ಬಗ್ಗೆ ಅಲ್ಲ. ಅದನ್ನು ಬರೆಯುವ ಮುಂಚೆ ಅವರು ನನ್ನ ಪಾದ ಮುಟ್ಟಿ ನೋಡಲಿಲ್ಲ, ಚಪ್ಪಲಿ ಬಿಚ್ಚಿ ಅಂತಲೂ ಹೇಳಲಿಲ್ಲ. ಬೇಸರ ಅದಕ್ಕೆ.

ಮೂರನೆಯದು ಮೆಡಿಕಲ್ ಶಾಪ್. ಸಹೋದ್ಯೋಗಿಯೊಬ್ಬರು "ನರದ ಮಾತ್ರೆ ಅಂತ ಕೇಳಿ ತಗೊಳ್ಳಿ, ನಮ್ಮತ್ತೆಗೆ ಅದರಲ್ಲೇ ಹೋಯ್ತು" ಅಂದರು. ಚೀಟಿ ಇಲ್ಲದೆ ಕೊಟ್ಟರು. ಐದು ದಿನ ನುಂಗಿದೆ. ತಲೆ ಭಾರ, ಮೂರನೇ ಪೀರಿಯಡ್‌ನಲ್ಲಿ ನಿದ್ದೆ ಎಳೆಯುತ್ತಿತ್ತು, ಒಂದು ದಿನ ಮೆಟ್ಟಿಲ ಮೇಲೆ ತಲೆ ಸುತ್ತಿತು. ಬಿಟ್ಟೆ. ಆ ಮಾತ್ರೆಯಲ್ಲಿ ಪ್ರೀಗಾಬಲಿನ್ ಅನ್ನುವ ಔಷಧವೂ ಇತ್ತು. ಅದು ನರದ ಉರಿಯನ್ನು ಕಡಿಮೆ ಮಾಡುತ್ತದೆ, ಕಾರಣವನ್ನು ತೆಗೆಯುವುದಿಲ್ಲ. ದಯವಿಟ್ಟು ಹೀಗೆ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ. ಶಕ್ತಿಗೆ ಅಂತ ನುಂಗುವ ಕೆಲವು ಬಿ ವಿಟಮಿನ್ ಮಾತ್ರೆಗಳಲ್ಲಿ ಬಿ6 ಜಾಸ್ತಿ ಇರುತ್ತದೆ. ಅದನ್ನು ತಿಂಗಳುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ತಿಂದರೆ ಅದರಿಂದಲೇ ಕೈಕಾಲು ಜುಮ್ ಅನ್ನಬಹುದು. ಜೋಮಿಗೆ ಅಂತ ತಿಂದ ಮಾತ್ರೆಯೇ ಜೋಮು ತರಬಹುದು.

ಇನ್ನು ನಾಲ್ಕನೆಯದು. ಈ ಬರಹ ಇದಕ್ಕಾಗಿಯೇ.

ನವೆಂಬರ್‌ನಲ್ಲಿ ನಮ್ಮ ಯಜಮಾನರು ಮೈಸೂರಿನ ಒಂದು ಆಸ್ಪತ್ರೆಯ ನರರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಹೋದೆವು. ಫೋನಿನಲ್ಲಿ ಹೆಸರು ಬರೆಸುವಾಗಲೇ ಹೇಳಿದ್ದರು: ಹಳೆಯ ರಿಪೋರ್ಟ್ ಎಲ್ಲಾ ತನ್ನಿ, ನುಂಗುವ ಮಾತ್ರೆಗಳ ಶೀಟನ್ನೂ ತನ್ನಿ, ಹೆಸರು ಬರೆದುಕೊಂಡು ಬರಬೇಡಿ, ಶೀಟೇ ಬೇಕು. ಒಂದು ಬಟ್ಟೆಚೀಲದಲ್ಲಿ ಎಲ್ಲಾ ತುಂಬಿಕೊಂಡು ಹೋದೆ. ಎರಡು ಗಂಟೆ ಕಾಯಬೇಕಾಯಿತು. ಒಳಗೆ ಹೋದ ಮೇಲೆ ಯಾಕೆ ಅಷ್ಟು ತಡ ಅಂತ ಅರ್ಥವಾಯಿತು. ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಡುತ್ತಿದ್ದರು.

ಡಾಕ್ಟರು ಮೊದಲು ಕೇಳಿದ್ದು ಎಲ್ಲಿ ಶುರುವಾಯಿತು, ಎಷ್ಟು ದಿನದಲ್ಲಿ ಎಲ್ಲಿಗೆ ಬಂತು ಅಂತ. ಒಂದೆರಡು ದಿನದಲ್ಲೇ ಸರಸರ ಮೇಲಕ್ಕೆ ಏರಿತಾ? ಮೆಟ್ಟಿಲು ಹತ್ತೋಕೆ, ಕೂತಲ್ಲಿಂದ ಏಳೋಕೆ ಕಷ್ಟ ಆಯ್ತಾ? ಒಂದೇ ಕಡೆಯ ಕೈಕಾಲು, ಮುಖ ಮರಗಟ್ಟಿತಾ? ಉಚ್ಚೆ ಹಿಡಿಯೋದು ಕಷ್ಟ ಆಗಿದೆಯಾ? ಎಲ್ಲಕ್ಕೂ ಇಲ್ಲ ಅಂದೆ. "ಇದರಲ್ಲಿ ಯಾವುದಕ್ಕಾದರೂ ಹೌದು ಅಂದಿದ್ದರೆ ನೀವು ಇಲ್ಲಿ ಕ್ಯೂನಲ್ಲಿ ಕೂರಬಾರದಿತ್ತಮ್ಮ, ಎಮರ್ಜೆನ್ಸಿಗೆ ಹೋಗಬೇಕಿತ್ತು" ಅಂದರು. ಕಾಲಿನಿಂದ ಶುರುವಾಗಿ ಕೆಲವೇ ದಿನದಲ್ಲಿ ಮೇಲೇರುತ್ತಾ ಶಕ್ತಿ ಕುಂದಿದರೆ ಅದು ಗಿಲಾನ್ ಬಾರೆ ಕಾಯಿಲೆ ಇರಬಹುದು, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಎರಗುವ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಬಹಳ ಜನಕ್ಕೆ ಬಂದಿತ್ತಲ್ಲ, ಅದೇ. ಒಂದೇ ಕಡೆಗೆ ಇದ್ದಕ್ಕಿದ್ದಂತೆ ಬಂದರೆ ಪಾರ್ಶ್ವವಾಯು ಇರಬಹುದು. ನನ್ನ ಹಾಗೆ ಎರಡೂ ಕಾಲಿಗೆ ಸಮನಾಗಿ, ಸಾಕ್ಸ್ ಹಾಕಿದ ಹಾಗೆ, ನಿಧಾನವಾಗಿ ಬಂದರೆ ಆ ಕಥೆಯೇ ಬೇರೆ. ದೇಹದಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು. ಪೋಷಣೆ ಕೆಟ್ಟರೆ ಮೊದಲು ಸೊರಗುವುದು ಅವುಗಳ ತುದಿ.

ಆಮೇಲೆ ಒಂದು ಪ್ರಶ್ನೆ ಕೇಳಿದರು, ಅದನ್ನು ನಾನು ಮರೆಯುವುದಿಲ್ಲ. "ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲಾಡಿದ ಹಾಗೆ ಆಗುತ್ತಾ?"

ನಾನು ಯಜಮಾನರ ಮುಖ ನೋಡಿದೆ. ಎರಡು ತಿಂಗಳಿಂದ ಮುಖ ತೊಳೆಯುವಾಗ ಒಂದು ಕೈಯಲ್ಲಿ ಬೇಸಿನ್ ಹಿಡಿದುಕೊಂಡೇ ತೊಳೆಯುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಅದು ಕಾಲಿನ ವಿಷಯಕ್ಕೆ ಸೇರಿದ್ದು ಅಂತ ನನಗೆ ಹೊಳೆದೇ ಇರಲಿಲ್ಲ, ವಯಸ್ಸಾಯಿತು ಅಂದುಕೊಂಡಿದ್ದೆ. ಕರೆಂಟ್ ಹೋದಾಗ ಹಿತ್ತಿಲಿಗೆ ಹೋಗಲು ಭಯ ಆಗುವುದನ್ನೂ ಹೇಳಿದೆ. ಕಾಲು ಎಲ್ಲಿದೆ ಅನ್ನುವ ಸುದ್ದಿ ನರದ ಮೂಲಕ ಮಿದುಳಿಗೆ ಸರಿಯಾಗಿ ಹೋಗದಿದ್ದಾಗ ಕಣ್ಣು ಆ ಕೆಲಸ ಮಾಡಿಕೊಡುತ್ತಿರುತ್ತದೆ. ಕಣ್ಣು ಮುಚ್ಚಿದರೆ ಅಥವಾ ಕತ್ತಲಾದರೆ ಆ ಆಸರೆ ಹೋಗುತ್ತದೆ, ಅದಕ್ಕೇ ಓಲಾಟ. ನನ್ನನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು. ಬೀಳುವ ಹಾಗಾಯಿತು. ಅವರು ಎರಡೂ ಕೈ ಚಾಚಿ ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಮಂಚದ ಮೇಲೆ ಮಲಗಿಸಿ ಹತ್ತಿಯಲ್ಲಿ ಸವರಿದರು, ಪಿನ್ನಿನಲ್ಲಿ ಚುಚ್ಚಿದರು, ಹಿಮ್ಮಡಿಯ ಮೇಲೆ ಸುತ್ತಿಗೆಯಲ್ಲಿ ತಟ್ಟಿದರು. ಜೇಬಿನಿಂದ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತೆಗೆದರು. ನಮ್ಮ ಲ್ಯಾಬಿನಲ್ಲಿ ಮಕ್ಕಳಿಗೆ ಶಬ್ದದ ಪಾಠ ಮಾಡುವಾಗ ನಾನು ಬಳಸುವಂಥದ್ದೇ, ಆದರೆ ದೊಡ್ಡದು, 128 ಹರ್ಟ್ಸ್. ಅದನ್ನು ತಟ್ಟಿ ಮೊದಲು ಎದೆಯ ಮೂಳೆಯ ಮೇಲಿಟ್ಟರು. ಝುಂ ಅಂತ ಚೆನ್ನಾಗಿ ಗೊತ್ತಾಯಿತು. ಮತ್ತೆ ತಟ್ಟಿ ಕಾಲಿನ ಹೆಬ್ಬೆರಳ ಗಿಣ್ಣಿನ ಮೇಲಿಟ್ಟರು. ತಣ್ಣಗೆ ಏನೋ ಮುಟ್ಟಿದ ಹಾಗೆ, ಅಷ್ಟೇ. "ಇನ್ನೂ ತಟ್ಟಿಲ್ಲ ಅಲ್ವಾ ಡಾಕ್ಟ್ರೇ?" ಅಂದೆ. ಅವರು ಏನೂ ಹೇಳದೆ ಅದನ್ನು ನನ್ನ ಕಿವಿಯ ಹತ್ತಿರ ತಂದರು. ಅದು ಮೊಳಗುತ್ತಿತ್ತು.

ಮೊಣಕೈಯ ಹಿಂದೆ, ಕತ್ತಿನ ಪಕ್ಕ ಒತ್ತಿ ನೋಡಿದರು. ಬೆನ್ನು, ತೋಳು ನೋಡಿ ಮಚ್ಚೆಯ ಹಾಗೆ ಬಿಳಿಚಿಕೊಂಡಿದ್ದು ಎಲ್ಲಾದರೂ ಇದೆಯಾ, ಅಲ್ಲಿ ಸ್ಪರ್ಶ ಗೊತ್ತಾಗುತ್ತಾ ಅಂತ ಕೇಳಿದರು. ಯಾಕೆ ಅಂದೆ. "ಕುಷ್ಠ ಇದೆಯಾ ಅಂತ ನೋಡ್ತಾ ಇದ್ದೀನಿ. ನಮ್ಮ ದೇಶದಲ್ಲಿ ಜೋಮು ಅಂತ ಬಂದವರಿಗೆಲ್ಲ ನೋಡಲೇಬೇಕು" ಅಂದರು. ನನ್ನ ಮೈ ನಡುಗಿತು. ಆದರೆ ಅವರು ಬಿಡಿಸಿ ಹೇಳಿದ ರೀತಿ ಎಷ್ಟು ಸಮಾಧಾನವಾಗಿತ್ತು ಅಂದರೆ, ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು. ಕುಷ್ಠ ಬಂದರೆ ನರ ದಪ್ಪ ಆಗುತ್ತದೆ, ಬೆರಳಿಗೆ ಸಿಗುತ್ತದೆ. 2005ರ ಕೊನೆಯ ಹೊತ್ತಿಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಆಯಿತು ಅಂತ ಸರ್ಕಾರ ಹೇಳಿದೆ, ಆದರೆ ಹೊಸ ರೋಗಿಗಳು ಈಗಲೂ ಸಿಗುತ್ತಿದ್ದಾರೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ವಾಸಿಯಾಗುತ್ತದೆ, ಬೇಗ ಹಿಡಿದರೆ ಕೈಕಾಲು ಉಳಿಯುತ್ತದೆ. ನನಗೆ ಅದು ಇರಲಿಲ್ಲ.

ಕೊನೆಗೆ ಬಟ್ಟೆಚೀಲ. ಶೀಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಎಂಟು. ಈ ಗ್ಯಾಸಿನ ಮಾತ್ರೆ? ದಿನಾ ಬೆಳಗ್ಗೆ, ನಾಲ್ಕು ವರ್ಷದಿಂದ. ಮಾಂಸ, ಮೊಟ್ಟೆ? ಇಲ್ಲ. ಹಾಲು, ಮೊಸರು? ಕಾಫಿಗೆ ಹಾಲು, ರಾತ್ರಿ ಮಜ್ಜಿಗೆ. ಟಿಬಿ ಔಷಧಿ ಯಾವಾಗಲಾದರೂ? ಕ್ಯಾನ್ಸರ್ ಔಷಧಿ? ಥೈರಾಯ್ಡ್? ಕುಡಿತ? ಕೊನೆಯದನ್ನು ಎಲ್ಲರಿಗೂ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಾ ಕೇಳಿ ಆದ ಮೇಲೆ ಹದಿನಾರು ಪುಟದ ಆ ರಿಪೋರ್ಟ್ ತೆಗೆದು ಸೀದಾ ಹನ್ನೊಂದನೇ ಪುಟಕ್ಕೆ ಹೋಗಿ 224ರ ಸುತ್ತ ಪೆನ್ನಿನಲ್ಲಿ ಒಂದು ಸೊನ್ನೆ ಸುತ್ತಿದರು. "ಇದು ನಾರ್ಮಲ್ ಅಲ್ಲಮ್ಮ. ಇದು ಗಡಿಯ ಮೇಲೆ ನಿಂತಿದೆ."

200ರಿಂದ 300ರವರೆಗೆ ಬಂದರೆ ಸಾಕಷ್ಟು ಇದೆ ಅಂತ ಧೈರ್ಯವಾಗಿ ಹೇಳಲು ಆಗುವುದಿಲ್ಲ. ರಕ್ತದಲ್ಲಿ ಇಷ್ಟಿದ್ದರೂ ನರಕ್ಕೆ ಸಾಲದೆ ಇರಬಹುದು. ಅದನ್ನು ತಿಳಿಯಲು ಹೋಮೋಸಿಸ್ಟೀನ್ ಅನ್ನುವ ಇನ್ನೊಂದು ರಕ್ತಪರೀಕ್ಷೆ ಇದೆ. ಬಿ12 ಕಡಿಮೆಯಾದಾಗ ಅದು ಏರುತ್ತದೆ. ಸಾಮಾನ್ಯವಾಗಿ 15ರ ಒಳಗೆ ಇರಬೇಕು. ನನಗೆ 34 ಬಂತು. ಹಿಮೋಗ್ಲೋಬಿನ್ 12.3, ರಕ್ತ ಚೆನ್ನಾಗಿಯೇ ಇತ್ತು. ಬಿ12 ಕೊರತೆ ಅಂದರೆ ರಕ್ತಹೀನತೆ ಅಂತ ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ರಕ್ತ ಸರಿಯಿದ್ದೂ ನರ ಹಾಳಾಗಬಹುದು ಅನ್ನುವುದನ್ನು ಈಗ ಪಾಠಕ್ಕೆ ಸೇರಿಸಿಕೊಂಡಿದ್ದೇನೆ. ಬರೀ ಫೋಲಿಕ್ ಆಸಿಡ್ ಮಾತ್ರೆ ತಿಂದರೆ ರಕ್ತ ಸರಿಹೋಗಿ ಕೊರತೆ ಮುಚ್ಚಿಹೋಗುತ್ತದೆ, ಒಳಗೆ ನರ ಕೆಡುತ್ತಲೇ ಇರುತ್ತದೆ. ಇದೂ ಅವರೇ ಹೇಳಿದ್ದು.

ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಗ್ಯಾಸಿನ ಮಾತ್ರೆ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತದೆ, ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆ ಆಮ್ಲ ಬೇಕು. ತರಕಾರಿ, ಕಾಳು, ಸೊಪ್ಪಿನಲ್ಲಿ ಬಿ12 ಸಿಗುವುದಿಲ್ಲ. ಮೂರೂ ನನ್ನೊಬ್ಬಳಲ್ಲೇ ಸೇರಿದ್ದವು. ಮನೆಗೆ ಬಂದು ಓದಿದೆ: ಮೆಟ್‌ಫಾರ್ಮಿನ್ ತಿನ್ನುವವರಿಗೆ ಇಂಥ ಲಕ್ಷಣ ಕಂಡರೆ ಬಿ12 ನೋಡಿ ಅಂತ ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲೇ ವೈದ್ಯರಿಗೆ ತಿಳಿಸಿದ್ದಾರೆ. ಹಾಗಂತ ಯಾರೂ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ, ನನಗೂ ನಿಲ್ಲಿಸಲಿಲ್ಲ. ಗ್ಯಾಸಿನ ಮಾತ್ರೆಯನ್ನು ಮಾತ್ರ ನಿಧಾನವಾಗಿ ಬಿಡಿಸಿದರು. ಸಕ್ಕರೆ ಕಾಯಿಲೆಯ ಪಾಲೂ ಇರಬಹುದು, ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಲು ಆಗುವುದಿಲ್ಲ ಅಂತ ನೇರವಾಗಿಯೇ ಹೇಳಿದರು. "ಸರಿಪಡಿಸೋಕೆ ಆಗೋದನ್ನ ಮೊದಲು ಸರಿಪಡಿಸೋಣ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆ ಮಾತಿಗೆ.

ಡಾಕ್ಟರು ಎನ್‌ಸಿವಿ ಪರೀಕ್ಷೆಯನ್ನೂ ಬರೆದುಕೊಟ್ಟರು. ಅದರ ಬಗ್ಗೆ ತುಂಬಾ ಜನ ಕೇಳುತ್ತಾರೆ, ನೋವಾಗುತ್ತಾ ಅಂತ. ನರದಲ್ಲಿ ಕರೆಂಟ್ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಹೋಗುತ್ತದೆ ಅಂತ ಅಳೆಯುವ ಪರೀಕ್ಷೆ ಅದು. ಅದೇ ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಚಿಕ್ಕ ಕೋಣೆ, ಕೈಕಾಲು ನಾಲ್ಕಕ್ಕೂ ಸೇರಿ 3,200 ರೂಪಾಯಿ, ಮುಕ್ಕಾಲು ಗಂಟೆ. ಅವತ್ತು ಕೈಕಾಲಿಗೆ ಎಣ್ಣೆ, ಕ್ರೀಮ್ ಹಚ್ಚಿಕೊಂಡು ಹೋಗಬೇಡಿ, ಅಳೆಯಲು ಅಂಟಿಸುವ ಪಟ್ಟಿ ಅಂಟುವುದಿಲ್ಲ. ಪರೀಕ್ಷೆ ಮಾಡುವ ಹುಡುಗಿ ಬಳೆ, ಕಾಲುಂಗುರ ತೆಗೆಯಿರಿ ಅಂದಳು. ಬಲಗಾಲಿನ ಕಾಲುಂಗುರ ಮದುವೆಯಾದಾಗಿನಿಂದ ತೆಗೆದಿರಲಿಲ್ಲ, ಬರಲೇ ಇಲ್ಲ. ಅವಳೇ ಸೋಪುನೀರು ತಂದು, ನನ್ನ ಪಾದ ತನ್ನ ಮಡಿಲ ಮೇಲಿಟ್ಟುಕೊಂಡು, ನಿಧಾನವಾಗಿ ತಿರುಗಿಸಿ ತೆಗೆದಳು. "ಪಾದ ತಣ್ಣಗಿದೆ ಆಂಟಿ, ತಣ್ಣಗಿದ್ರೆ ನರ ನಿಧಾನ ಅಂತ ತಪ್ಪು ಲೆಕ್ಕ ಬರುತ್ತೆ" ಅಂತ ಬಿಸಿನೀರಿನ ಚೀಲ ಇಟ್ಟು ಹತ್ತು ನಿಮಿಷ ಕಾದಳು. ಈ ಹತ್ತು ನಿಮಿಷ ಎಲ್ಲರೂ ಕಾಯುತ್ತಾರಾ ಗೊತ್ತಿಲ್ಲ, ನೀವೇ ಕೇಳಿ. ಆಮೇಲೆ ಪಟಪಟ ಅಂತ ಸಣ್ಣ ಶಾಕ್. ಕಾಲು ತಾನೇ ಎಗರುತ್ತದೆ. ಬೆಚ್ಚಿಬೀಳುತ್ತೇವೆ, ಆದರೆ ತಡೆಯಲಾರದ ನೋವಲ್ಲ. ಹೆರಿಗೆ ಆದವರಿಗಂತೂ ಏನೂ ಅಲ್ಲ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಬೇಕು. ಸ್ನಾಯುವಿಗೆ ಸೂಜಿ ಹಾಕುವ ಇಎಂಜಿ ಬೇರೆ, ಅದು ನನಗೆ ಬೇಕಾಗಲಿಲ್ಲ.

ಕಾಲಿನ ಸ್ಪರ್ಶದ ನರಗಳಲ್ಲಿ ಬಲ ಕಡಿಮೆಯಾಗಿದೆ, ಕೈಯಲ್ಲಿ ಸರಿಯಿದೆ ಅಂತ ಬಂತು. ಒಂದು ಮಾತು: ಈ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ. ಉರಿ, ಚುಚ್ಚು ಇದ್ದೂ ಎನ್‌ಸಿವಿ ಸರಿಯಿದೆ ಅಂತ ಬರಬಹುದು, ಆಗ ತೊಂದರೆ ಸಣ್ಣ ನರಗಳಲ್ಲಿ ಇರಬಹುದು. "ರಿಪೋರ್ಟ್ ನಾರ್ಮಲ್, ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ" ಅಂತ ಯಾರಾದರೂ ಕಳಿಸಿದ್ದರೆ, ಇನ್ನೊಬ್ಬರಿಗೆ ತೋರಿಸಿ.

ಚಿಕಿತ್ಸೆ ಅಂದರೆ ಬಿ12 ಇಂಜೆಕ್ಷನ್. ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ಬೆಳಕು ತಾಗಬಾರದು ಅಂತ ಕಂದು ಗಾಜಿನ ಸಣ್ಣ ಸೀಸೆಯಲ್ಲಿ ಬರುತ್ತದೆ. ಸಿರಿಂಜಿಗೆ ಎಳೆದಾಗ ದಾಸವಾಳದ ರಸದ ಹಾಗೆ ಕೆಂಪು. ಬಿ12ರ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಕೂತಿದೆ. ಅದರ ರಚನೆ ಬಿಡಿಸಿದವರು ಡೊರೊತಿ ಹಾಡ್ಜ್‌ಕಿನ್, ಅವರಿಗೆ 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮೂರಿನ ನರ್ಸಮ್ಮ ಸೂಜಿ ಹಾಕುವಾಗ ಪ್ರತಿ ಸಲ ಅವರನ್ನು ನೆನೆಯುತ್ತೇನೆ. ಮೊದಲ ಮೂರು ವಾರ ಜೋಮು ಜಾಸ್ತಿಯೇ ಆಯಿತು, ಗಾಬರಿಯಾಗಿ ಫೋನ್ ಮಾಡಿದೆ. ಕೆಲವರಿಗೆ ಹಾಗಾಗುತ್ತೆ, ನಿಲ್ಲಿಸಬೇಡಿ ಅಂದರು. ಜನವರಿ ಹೊತ್ತಿಗೆ ರಾತ್ರಿಯ ಇರುವೆ ನಿಂತಿತು.

ಖರ್ಚಿನ ಲೆಕ್ಕ ಹೇಳುವುದಾದರೆ, ಈ ನಾಲ್ಕನೇ ಕಡೆ ಡಾಕ್ಟರ ಫೀಸು, ಹೋಮೋಸಿಸ್ಟೀನ್, ಎನ್‌ಸಿವಿ ಎಲ್ಲಾ ಸೇರಿದರೂ ಆ ಒಂದು ಎಂಆರ್‌ಐಗಿಂತ ಕಡಿಮೆ. ಕೊರತೆ ಅಂದರೆ ಕಾಯುವ ಜಾಗ: ಕುರ್ಚಿ ಕಡಿಮೆ, ಕಾಲು ಸರಿಯಿಲ್ಲದವರೇ ಬರುವ ಕಡೆ ನಿಂತು ಕಾಯಬೇಕಾಗುತ್ತದೆ. ಎನ್‌ಸಿವಿಗೆ ಬೇರೆ ದಿನ ಬರಬೇಕಾಯಿತು, ದೂರದೂರಿನವರಿಗೆ ಅದು ಕಷ್ಟ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಪ್ಯಾಕೇಜಿಗೆ ಎರಡು, ಅದೂ ರಕ್ತ ತೆಗೆದ ಹುಡುಗನ ಕೈಗುಣಕ್ಕೆ.

ಫೆಬ್ರವರಿಯಲ್ಲಿ ಮತ್ತೆ ಹೋಗಿದ್ದೆ. ಹೋಮೋಸಿಸ್ಟೀನ್ 12ಕ್ಕೆ ಇಳಿದಿತ್ತು. ಬೇಸಿನ್ ಹಿಡಿಯದೆ ಮುಖ ತೊಳೆಯುತ್ತೇನೆ ಅಂದಾಗ ಡಾಕ್ಟರು ನಕ್ಕು ಶ್ರುತಿಕವೆ ತೆಗೆದರು. ಕಣ್ಣು ಮುಚ್ಚಿಕೊಳ್ಳಿ, ನಿಂತಾಗ ಹೇಳಿ ಅಂದರು. ಎಡಗಾಲಿನ ಹೆಬ್ಬೆರಳಲ್ಲಿ ಸಣ್ಣಗೆ, ದೂರದಲ್ಲಿ ಜೇನು ಹಾರಿದ ಹಾಗೆ, ಝುಂ ಅಂತು. "ಇದೆ, ಇದೆ... ಈಗ ನಿಂತಿತು" ಅಂದೆ. ಬಲಗಾಲಿನಲ್ಲಿ ಇನ್ನೂ ಗೊತ್ತಾಗಲಿಲ್ಲ. ಅದಕ್ಕೆ ಇನ್ನೂ ಆರು ತಿಂಗಳು, ಒಂದು ವರ್ಷ ಹಿಡಿಯಬಹುದು ಅಂದಿದ್ದಾರೆ. ಆಗಸ್ಟ್‌ನಲ್ಲಿ ಮತ್ತೆ ಬರಬೇಕಂತೆ, ಬಟ್ಟೆಚೀಲದ ಸಮೇತ.